ಟ್ಯಾಂಕ್ ಇದ್ದಷ್ಟೇ ಮೀನು

ಗಲ್ಫ್‌ನ ನಮ್ಮ ಫ್ಲ್ಯಾಟ್‌ಗಳಲ್ಲಿ ನಾಯಿ ಸಾಕಲು ಜಾಗವಿಲ್ಲ. ಬಾಲ್ಕನಿಯಲ್ಲಿ ನೆಟ್ಟ ಮಲ್ಲಿಗೆ ಜೂನ್ ಬಿಸಿಲಿಗೆ ಉಳಿಯುವುದು ಕಷ್ಟ. ಹಾಗಾಗಿ ನಮ್ಮಲ್ಲಿ ಕೆಲವರು ಮೀನು ಸಾಕುತ್ತಾರೆ. ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಬಂದವರಿಗೆ ಟ್ಯಾಂಕಿನ ಮುಂದೆ ಹತ್ತು ನಿಮಿಷ ಕುಳಿತರೆ ಮನಸ್ಸು ಹಗುರಾಗುತ್ತದೆ. ನನ್ನ ಮನೆಯಲ್ಲೂ ಎರಡಡಿಯ ಉಪ್ಪುನೀರಿನ ಟ್ಯಾಂಕ್ ಇದೆ, ಆದ್ದರಿಂದ ಈ ಹವ್ಯಾಸಕ್ಕೆ ನಾನು ವಿರೋಧಿಯಲ್ಲ. ನನ್ನ ತಕರಾರು ಇರುವುದು ನಾವು ಮೀನು ಆರಿಸುವ ರೀತಿಯ ಬಗ್ಗೆ. ಬಣ್ಣ ನೋಡಿ ಕೊಳ್ಳುತ್ತೇವೆ, ಇಲ್ಲವೇ ಮಗು ಕೈ ತೋರಿಸಿದ್ದನ್ನು ಕೊಳ್ಳುತ್ತೇವೆ. ತಿಂಗಳೊಳಗೆ ಮೀನು ಸಾಯುತ್ತದೆ. ಮತ್ತೆ ಅಂಗಡಿಗೆ ಹೋಗುತ್ತೇವೆ.

ಔಷಧಿ ಕೊಡುವುದು ನನ್ನ ಕೆಲಸ. ಮಗುವಿಗೆ ಔಷಧಿ ಕೊಡುವ ಮುನ್ನ ತೂಕ ಕೇಳುತ್ತೇವೆ. ಮೀನು ಕೊಳ್ಳುವಾಗಲೂ ಅದೇ ಲೆಕ್ಕ ಬೇಕು: ಟ್ಯಾಂಕಿನಲ್ಲಿ ನೀರೆಷ್ಟು, ಈ ಮೀನು ಬೆಳೆದು ಎಷ್ಟಾಗುತ್ತದೆ?

60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ಟ್ಯಾಂಕಿಗೆ ಅಂಚಿನವರೆಗೆ ತುಂಬಿದರೂ ಹಿಡಿಸುವುದು ಸುಮಾರು 65 ಲೀಟರ್. ಕಲ್ಲು, ಮರಳು ಹಾಕಿದ ಮೇಲೆ ಉಳಿಯುವ ನೀರು 50 ಲೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ 35 ಗ್ರಾಂ ಉಪ್ಪಿನಂತೆ ಅದರಲ್ಲಿ ಒಂದೂಮುಕ್ಕಾಲು ಕಿಲೋ ಉಪ್ಪು ಇರುತ್ತದೆ. ಎಸಿ ರೂಮಿನ ಒಣ ಗಾಳಿಗೆ ಐದು ಲೀಟರ್ ನೀರು ಆರಿದರೆ ಉಪ್ಪು ಆರುವುದಿಲ್ಲ, ಅಷ್ಟೂ ಅಲ್ಲೇ ಉಳಿಯುತ್ತದೆ. ಆಗ ಲೀಟರಿಗೆ ಸುಮಾರು 39 ಗ್ರಾಂ. ಆರಿದಷ್ಟು ನೀರನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಿಸಬೇಕು. ದೊಡ್ಡ ಟ್ಯಾಂಕ್ ಸಣ್ಣ ತಪ್ಪುಗಳನ್ನು ತಡೆದುಕೊಳ್ಳುತ್ತದೆ, ಸಣ್ಣ ಟ್ಯಾಂಕ್ ತಡೆದುಕೊಳ್ಳುವುದಿಲ್ಲ.

ಈಗ ಮಕ್ಕಳು ಕೇಳುವ ಮೀನುಗಳಿಗೆ ಬರೋಣ. 2003ರ ‘ಫೈಂಡಿಂಗ್ ನೀಮೋ’ ಸಿನಿಮಾದ ನೀಮೋ ಮತ್ತು ಡೋರಿ ಇಬ್ಬರೂ ಒಂದೇ ಟ್ಯಾಂಕಿನಲ್ಲಿ ಬೇಕು ಎನ್ನುತ್ತಾರೆ. ನೀಮೋ, ಅಂದರೆ ಕ್ಲೌನ್‌ಫಿಶ್, ಬೆಳೆದರೂ ಒಂದು ಗೇಣು ಮೀರುವುದಿಲ್ಲ. ಅಂಗಡಿಯಲ್ಲಿ ಬೆರಳುದ್ದ ಇರುವ ಡೋರಿ, ಅಂದರೆ ಬ್ಲೂ ಟ್ಯಾಂಗ್, 30 ಸೆಂ.ಮೀ.ವರೆಗೆ ಬೆಳೆಯುವ, ದಿನವಿಡೀ ಈಜಾಡುವ ಮೀನು. ನಮ್ಮ ಟ್ಯಾಂಕಿನ ಅಗಲವೇ ಅಷ್ಟು! ಇಲ್ಲಿನ ಕಡಲಲ್ಲೇ ಇರುವ, ಮೈಮೇಲೆ ಹಳದಿ ಪಟ್ಟಿಯ ಏಂಜೆಲ್ ಮೀನು ಮರಿಯಿದ್ದಾಗ ನೀಲಿ ಬಿಳಿ ಗೆರೆಗಳಿಂದ ಕಣ್ಣು ಸೆಳೆಯುತ್ತದೆ, ಬೆಳೆದರೆ ಅರ್ಧ ಮೀಟರ್ ಆಗಬಲ್ಲದು. ಎಂಟು ಜನರ ರೂಮಿನಲ್ಲಿ ಬೆಡ್‌ಸ್ಪೇಸ್ ಹಿಡಿದು ಬದುಕಿದ ನಮಗೆ ಇಕ್ಕಟ್ಟು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಗಾತ್ರ ಚಿಕ್ಕದಾದರೆ ಸಾಲದು. ಮ್ಯಾಂಡರಿನ್ ಮೀನು ಪುಟ್ಟದೇ, ಆದರೆ ಕಲ್ಲುಗಳ ನಡುವಿನ ಜೀವಂತ ಸೂಕ್ಷ್ಮಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುವ ಜಾತಿ. ಸಣ್ಣ, ಹೊಸ ಟ್ಯಾಂಕಿನಲ್ಲಿ ಅದು ನಮ್ಮ ಕಣ್ಣೆದುರೇ ಉಪವಾಸದಿಂದ ಸೊರಗುತ್ತದೆ. ಡ್ಯಾಮ್ಸೆಲ್ ಅಗ್ಗ, ಗಟ್ಟಿಮುಟ್ಟು, ಆದರೆ ಬಹುಪಾಲು ಜಗಳಗಂಟಿಗಳು. ‘ಮೊದಲು ಡ್ಯಾಮ್ಸೆಲ್ ಬಿಟ್ಟು ನೀರು ಹದ ಮಾಡಿ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಮೋನಿಯಾ ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಾಗುವಷ್ಟು ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಆ ಕೆಲಸಕ್ಕೆ ಮೀನಿನ ಪ್ರಾಣ ಬೇಕಿಲ್ಲ, ತಾಳ್ಮೆ ಮತ್ತು ಒಂದು ಟೆಸ್ಟ್ ಕಿಟ್ ಸಾಕು.

ಹಾಗಾದರೆ ಯಾವುದು ಸೂಕ್ತ? ಎರಡಡಿ ಟ್ಯಾಂಕಿಗೆ ನನ್ನ ಚೀಟಿ ಇಷ್ಟೇ: ಒಂದು ಜೋಡಿ ಕ್ಲೌನ್‌ಫಿಶ್, ತಳದಲ್ಲಿರಲು ಒಂದು ಗೋಬಿ. ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಇರಲಿ. ಕ್ಲೌನ್‌ಫಿಶ್ ಎಲ್ಲವೂ ಗಂಡಾಗಿ ಹುಟ್ಟುತ್ತವೆ, ಮೇಲುಗೈಯಾದದ್ದು ಮುಂದೆ ಹೆಣ್ಣಾಗುತ್ತದೆ. ಅದಕ್ಕೆ ಅನಿಮೊನಿ ಇರಲೇಬೇಕೆಂದಿಲ್ಲ. ಗೋಬಿ ಬೇಡವಾದರೆ ಫೈರ್‌ಫಿಶ್ ಆಗಬಹುದು, ಆದರೆ ಅದು ಹಾರುತ್ತದೆ, ಮುಚ್ಚಳ ಕಡ್ಡಾಯ. ಮೂರು ಮೀನು ಕಡಿಮೆ ಅನ್ನಿಸಬಹುದು. ಹೆಚ್ಚಿದಷ್ಟೂ ಗಲೀಜು, ಒತ್ತಡ, ರೋಗ ಹೆಚ್ಚುತ್ತವೆ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಇದೆ ನಿಜ. ಆದರೆ ಮೀನನ್ನು ಉಳಿಸುವ ಆ ತಾಮ್ರವೇ ಸಿಗಡಿ, ಹವಳಗಳಿಗೆ ವಿಷ. ಅದನ್ನು ಬೇರೆ ಟ್ಯಾಂಕಿನಲ್ಲಿ, ಅಳತೆ ಮಾಡಿಯೇ ಕೊಡಬೇಕು.

ಅಂಗಡಿಯವನಿಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇದು ಫಾರ್ಮಿನಲ್ಲಿ ಹುಟ್ಟಿದ್ದೋ, ಕಡಲಲ್ಲಿ ಹಿಡಿದದ್ದೋ? ಉಪ್ಪುನೀರಿನ ಅಲಂಕಾರದ ಮೀನುಗಳಲ್ಲಿ ಬಹುಪಾಲು ಜಾತಿಗಳು ಇಂದಿಗೂ ಹವಳದ ದಿಬ್ಬಗಳಿಂದಲೇ ಬರುತ್ತವೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಸಯನೈಡ್ ಸಿಂಪಡಿಸಿ ಮೀನನ್ನು ಮಂಕಾಗಿಸಿ ಹಿಡಿದ ಇತಿಹಾಸವಿದೆ, ಆ ವಿಷಕ್ಕೆ ಹವಳವೂ ಸಾಯುತ್ತದೆ. ಕ್ಲೌನ್‌ಫಿಶ್ ಫಾರ್ಮಿನಲ್ಲೇ ಧಾರಾಳವಾಗಿ ಹುಟ್ಟುತ್ತದೆ. ಮುರ್ಡೇಶ್ವರದೆದುರಿನ ನೇತ್ರಾಣಿಯ ಹವಳ ಕಂಡು ಹೆಮ್ಮೆಪಡುವ ನಾವು, ಪರರ ಕಡಲಿನ ಹವಳಕ್ಕೂ ಅಷ್ಟು ಮರ್ಯಾದೆ ಕೊಡಬೇಡವೇ?

‘ಬಂಗುಡೆ ಫ್ರೈ ತಿನ್ನುವವರಿಗೆ ಇದೆಂಥ ಕನಿಕರ ಮಾರಾಯ್ರೆ?’ ಎಂದು ಗೆಳೆಯರು ನಗುತ್ತಾರೆ. ನಾನೂ ತಿನ್ನುತ್ತೇನೆ. ಆದರೆ ಬಂಗುಡೆಯನ್ನು ಯಾರೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ತಿಂಗಳುಗಟ್ಟಲೆ ಉಪವಾಸ ಕೆಡವುವುದಿಲ್ಲ. ಸಾಕುತ್ತೇನೆ ಎಂದ ಮೇಲೆ ಸಾಕಬೇಕು.

ಕೊನೆಯದಾಗಿ ನಮ್ಮ ಬದುಕಿನ ಲೆಕ್ಕ. ಕ್ಲೌನ್‌ಫಿಶ್ ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ನಮ್ಮ ವೀಸಾ ಎರಡು ವರ್ಷದ್ದು. ಜುಲೈಯಲ್ಲಿ ಊರಿಗೆ ಹೊರಟಾಗ ಕರೆಂಟ್ ಬಿಲ್ಲಿಗೆ ಹೆದರಿ ಎಸಿ ಆರಿಸುತ್ತೇವೆ. 25–26 ಡಿಗ್ರಿಯಲ್ಲಿರಬೇಕಾದ ನೀರು ಕಾಯುತ್ತದೆ, ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಎಕ್ಸಿಟ್ ಹೊಡೆದು ಹೋಗುವಾಗ ಕೆಲವರು ಮೀನನ್ನು ಕಡಲಿಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಎಂದುಕೊಳ್ಳುತ್ತಾರೆ. ಅದು ಪುಣ್ಯವಲ್ಲ. ಫ್ಲೋರಿಡಾದ ಕಡಲಲ್ಲಿ 1985ರಲ್ಲಿ ಮೊದಲು ಕಂಡ ಪರದೇಶದ ಲಯನ್‌ಫಿಶ್ ಅಕ್ವೇರಿಯಂಗಳಿಂದ ಬಂದದ್ದೆಂದು ತಜ್ಞರು ನಂಬುತ್ತಾರೆ. ಇಂದು ಅದು ಕೆರಿಬಿಯನ್ ತುಂಬ ಹಬ್ಬಿ ಅಲ್ಲಿನ ಮರಿಮೀನುಗಳನ್ನು ತಿನ್ನುತ್ತಿದೆ.

ಹಾಗಾಗಿ ಸಂಘದ ಮುಂದೆ ನನ್ನದೊಂದು ಸಲಹೆ. ಮೀನು ಸಾಕುವ ಸದಸ್ಯರದೊಂದು ವಾಟ್ಸ್ಆ್ಯಪ್ ಗುಂಪು ಮಾಡೋಣ. ಒಬ್ಬರು ರಜೆಗೆ ಹೋದಾಗ ಇನ್ನೊಬ್ಬರು ಮೇವು ಹಾಕಿ, ನೀರು ತುಂಬಿಸಿ ಬರಲಿ. ಊರಿಗೇ ಮರಳುವವರು ಟ್ಯಾಂಕನ್ನು ಮೀನಿನ ಸಮೇತ ಗುಂಪಿನಲ್ಲಿ ಯಾರಿಗಾದರೂ ಒಪ್ಪಿಸಲಿ. ಹೊಸದಾಗಿ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಗುಂಪಿನಲ್ಲಿ ಒಂದು ಮಾತು ಕೇಳಲಿ. ಇದಕ್ಕೆ ಸಂಘಕ್ಕೆ ಒಂದು ದಿರ್ಹಮ್ ಖರ್ಚೂ ಇಲ್ಲ. ಗುಂಪು ಶುರುವಾದರೆ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.