"ರಂಗಭೂಮಿ ಉಳಿಯಬೇಕು" ಅಂದು ಎದ್ದು ಹೋದವರು

ಮೊದಲೇ ಹೇಳಿಬಿಡ್ತೀನಿ, ಇದು ಸಿಟ್ಟಿನಲ್ಲಿ ಬರೆದದ್ದು. ನಾಲ್ಕು ದಿನ ಕಳೆದರೆ ಇಳಿಯಬಹುದು ಅಂತ ಕಾದೆ. ಇಳಿಯಲಿಲ್ಲ. ಅದಕ್ಕೇ ಇಲ್ಲಿ ಕಾರ್ತಾ ಇದ್ದೀನಿ, ಸಹಿಸಿಕೊಳ್ಳಿ.

ಕಳೆದ ಭಾನುವಾರ ಬೆಂಗಳೂರಿನ ಒಂದು ರಂಗಮಂದಿರಕ್ಕೆ ನಾಟಕ ನೋಡಲು ಹೋಗಿದ್ದೆ. ಯಾವ ರಂಗಮಂದಿರ, ಯಾವ ತಂಡ ಅಂತ ಹೇಳೋದಿಲ್ಲ. ಹೇಳಿದರೆ ಅವರೊಬ್ಬರದೇ ತಪ್ಪು ಅಂತಾಗಿಬಿಡುತ್ತೆ. ಇದು ಎಲ್ಲರ ಮನೆ ದೋಸೆಯ ತೂತು.

ಆಮಂತ್ರಣದಲ್ಲಿ "ಸಂಜೆ 6.30ಕ್ಕೆ ಸರಿಯಾಗಿ" ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಪರದೆ ಸರಿದದ್ದೂ 6.30ಕ್ಕೇ. ಒಳಗೆ ಇದ್ದದ್ದು ಏನು ಗೊತ್ತೇ? ಒಂದು ಉದ್ದನೆ ಟೇಬಲ್ಲು, ಏಳು ಕುರ್ಚಿ, ಏಳು ನೀರಿನ ಬಾಟಲಿ, ಹಿಂದೆ ಒಂದು ದೊಡ್ಡ ಬ್ಯಾನರು. ಬ್ಯಾನರಿನ ಹಿಂದಿನಿಂದ ನಾಟಕದ ಸೆಟ್ಟಿನ ಒಂದು ಮರ ಇಣುಕಿ ನೋಡ್ತಾ ಇತ್ತು, ಪಾಪ.

ಆಮೇಲೆ ನಿಮಗೆ ಗೊತ್ತಿರೋದೇ. ಪ್ರಾರ್ಥನೆ. ಸ್ವಾಗತ. ದೀಪ ಬೆಳಗುವುದು (ಫ್ಯಾನ್ ಆರಿಸಿ, ಬೆಂಕಿಪೊಟ್ಟಣ ಹುಡುಕಿ..). ಪ್ರಾಸ್ತಾವಿಕ ಮಾತು. ಉದ್ಘಾಟನಾ ಮಾತು. ಮುಖ್ಯ ಅತಿಥಿಗಳ ಮಾತು. ಮೂವರಿಗೆ ಸನ್ಮಾನ: ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಸನ್ಮಾನಿತರ ಪರವಾಗಿ ಒಬ್ಬರು ಮಾತಾಡ್ತಾರೆ ಅಂದರು, ಮೂವರೂ ಮಾತಾಡಿದರು. ಅಧ್ಯಕ್ಷರು "ಸಮಯದ ಅಭಾವದಿಂದ ಎರಡೇ ಮಾತು" ಅಂತ ಶುರು ಮಾಡಿ ಇಪ್ಪತ್ತೆರಡು ನಿಮಿಷ ಮಾತಾಡಿದರು. ನಾನು ವಾಚು ನೋಡಿಕೊಂಡೇ ಕೂತಿದ್ದೆ. ವಂದನಾರ್ಪಣೆ. ಬ್ಯಾನರು ಬಿಚ್ಚಿ, ಟೇಬಲ್ಲು ಹೊತ್ತು, ಕೊನೆಗೂ ನಾಟಕ ಶುರುವಾದಾಗ 8.05.

ಏಳು ಜನರಲ್ಲಿ ಐದು ಜನ ಒಂದು ವಾಕ್ಯವನ್ನಂತೂ ತಪ್ಪದೇ ಹೇಳಿದರು: "ರಂಗಭೂಮಿ ಉಳಿಯಬೇಕು." ಮೂರನೇ ಬೆಲ್ ಆಗುವ ಮೊದಲು ಆ ಐದರಲ್ಲಿ ನಾಲ್ಕು ಜನ ಪಕ್ಕದ ಬಾಗಿಲಿನಿಂದ ಹೊರಟು ಹೋದರು. ಬೇರೆ ಕಾರ್ಯಕ್ರಮ ಇತ್ತಂತೆ. ಅಲ್ಲೂ ಏನಾದರೂ ಉಳಿಯಬೇಕಿತ್ತೇನೋ :-)

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗ್ತಿದ್ದೆ. ಆದರೆ ನನ್ನ ಪಕ್ಕದ ಸೀಟಿನಲ್ಲಿ ಒಬ್ಬರು ಕೂತಿದ್ದರು. ನಮ್ಮ ಆಫೀಸಿನ ಹುಡುಗಿಯೊಬ್ಬಳ ಅಪ್ಪ. ತಿಪಟೂರಿನ ಹತ್ತಿರದ ಹಳ್ಳಿಯವರು. ಮಗಳು ಎರಡು ತಿಂಗಳಿಂದ ಆಫೀಸು ಮುಗಿಸಿ ಒಂದು ಶಾಲೆಯ ಕೋಣೆಯಲ್ಲಿ ರಾತ್ರಿ ಒಂಬತ್ತೂವರೆ ತನಕ ರಿಹರ್ಸಲ್ ಮಾಡಿ, ಮೊದಲ ಸಲ ಬಣ್ಣ ಹಚ್ಚಿದ್ದಳು. ಪಾರ್ಟು ಚಿಕ್ಕದು, ಕೊನೆಯ ಭಾಗದಲ್ಲಿ ಒಂದೇ ದೃಶ್ಯ. ಅದನ್ನು ನೋಡಲಿಕ್ಕೆ ಅಪ್ಪ ಊರಿನವರೊಬ್ಬರ ಕಾರಿನಲ್ಲಿ ಬಂದಿದ್ದರು. ಒಂಬತ್ತಕ್ಕೆ ಆ ಕಾರು ವಾಪಸ್ಸು ಹೊರಡಬೇಕು. ಬೆಳಿಗ್ಗೆ ಎದ್ದು ಎರಡು ಹಸುವಿನ ಹಾಲು ಕರೆದು ಡೇರಿಗೆ ಹಾಕೋರು ಇವರೇ. 6.30ಕ್ಕೆ ನಾಟಕ ಅಂದಮೇಲೆ ಒಂಬತ್ತಕ್ಕೆ ಧಾರಾಳವಾಗಿ ಮುಗಿಯುತ್ತೆ ಅಂತ ಲೆಕ್ಕ ಹಾಕಿಕೊಂಡು ಬಂದಿದ್ದರು. ಲೆಕ್ಕ ಸರಿಯಾಗೇ ಇತ್ತು.

ಒಂಬತ್ತಕ್ಕೆ ಫೋನು ಅಲುಗಾಡಿತು. ಎರಡು ಸಲ ಕಟ್ ಮಾಡಿದರು. ಮೂರನೇ ಸಲ ಎದ್ದರು. "ಇನ್ನೆಷ್ಟೊತ್ತಿಗೆ ಸ್ವಾಮಿ ನಮ್ ಹುಡ್ಗೀದು?" ಅಂತ ಪಿಸುಗುಟ್ಟಿದರು. ನನಗೆ ಗೊತ್ತಿರಲಿಲ್ಲ. ಕತ್ತಲೆಯಲ್ಲಿ ಬಗ್ಗಿಕೊಂಡು, ಕಾಲು ತಾಗಿದವರಿಗೆಲ್ಲ ಕೈಮುಗಿಯುತ್ತಾ ಹೋದರು. ಮಗಳು ರಂಗಕ್ಕೆ ಬಂದಾಗ 9.15. ಹೇಳಿದ ಹೊತ್ತಿಗೆ ನಾಟಕ ಶುರುವಾಗಿದ್ದರೆ ಅದೇ ದೃಶ್ಯ ಎಂಟಕ್ಕೆ ಮೊದಲೇ ಬಂದಿರುತ್ತಿತ್ತು.

ಮರುದಿನ ಆಫೀಸಿನಲ್ಲಿ ಕೇಳಿದೆ, ಅಪ್ಪ ಏನಂದ್ರು ಅಂತ. "ಯಾರೋ ದೊಡ್ಡೋರು ತುಂಬಾ ಚೆನ್ನಾಗಿ ಮಾತಾಡಿದ್ರು ಅಂದ್ರು" ಅಂದಳು. ಅಷ್ಟೇ ಅಂದು ಕಂಪ್ಯೂಟರಿನ ಕಡೆ ತಿರುಗಿದಳು.

ಈಗ ಹೇಳಿ, ನನ್ನ ಸಿಟ್ಟು ಯಾಕೆ ಇಳಿಯಬೇಕು?

ತಂಡದವರನ್ನು ಕೇಳಿದರೆ ಅವರ ಕಷ್ಟ ಅವರಿಗೆ. ರಂಗಮಂದಿರದ ಬಾಡಿಗೆ, ಲೈಟು, ಸೆಟ್ಟು, ವ್ಯಾನು, ಟೀ-ಬನ್ನು.. ಟಿಕೆಟ್ಟಿನ ದುಡ್ಡಿನಲ್ಲಿ ಇದೆಲ್ಲ ಹುಟ್ಟೋದಿಲ್ಲ. ಜಾಹೀರಾತು ಕೊಟ್ಟವರನ್ನು ವೇದಿಕೆಗೆ ಕರೆಯದಿದ್ದರೆ ಮುಂದಿನ ಸಲ ಕೊಡೋದಿಲ್ಲ. ಗಣ್ಯರು ಬಂದರೆ ಪೇಪರಿನಲ್ಲಿ ಫೋಟೋ ಬರುತ್ತೆ. ಒಪ್ಪಿದೆ. ಆದರೆ ಆ ಫೋಟೋ ನೋಡಿದ್ದೀರಾ? ದೀಪದ ಸುತ್ತ ಆರು ಜನ, ಕೆಳಗೆ ಆರು ಹೆಸರು, ಸುದ್ದಿಯ ಕಟ್ಟಕಡೆಗೆ "ನಂತರ ನಾಟಕ ಪ್ರದರ್ಶನಗೊಂಡಿತು." ಆ "ನಂತರ" ಅನ್ನೋ ಪದದಲ್ಲಿ ಎರಡು ತಿಂಗಳ ರಿಹರ್ಸಲ್ಲು, ನಿರ್ದೇಶಕ, ಹದಿನಾರು ನಟರು, ಬೆಳಕಿನವನು, ಸಂಗೀತದವನು ಎಲ್ಲರೂ ಹೂತುಹೋಗಿರ್ತಾರೆ. ಇಂಥ ಪ್ರಚಾರದಿಂದ ನಾಟಕಕ್ಕೆ ಆದ ಲಾಭ ಏನು?

ನಷ್ಟ ಏನು ಅಂತ ಬೇಕಾದರೆ ನಾನು ಹೇಳ್ತೀನಿ. ಮಧ್ಯಾಹ್ನವೆಲ್ಲ ಏಣಿ ಹತ್ತಿ ಒಂದೊಂದೇ ಲೈಟನ್ನು ಫೋಕಸ್ ಮಾಡಿದ್ದಾರೆ. ಅದರ ಕೆಳಗೆ ಟೇಬಲ್ಲು ಎಳೆದಾಡಿ ಸೆಟ್ಟಿನ ಜಾಗ ಅರ್ಧ ಅಡಿ ಸರಿದರೆ ನಟನ ಮುಖ ಕತ್ತಲಿಗೆ. ಬಣ್ಣ ಹಚ್ಚಿಕೊಂಡು, ಪಾತ್ರದೊಳಗೆ ಹೋಗಿ ಕೂತವರು ಸೈಡ್ ವಿಂಗಿನಲ್ಲಿ ಒಂದೂವರೆ ಗಂಟೆ ಬೆವರುತ್ತಾ ನಿಂತಿರಬೇಕು. ಮಂದಿರವನ್ನು ಇಂತಿಷ್ಟು ಗಂಟೆಗೆ ಅಂತ ಬಾಡಿಗೆಗೆ ಕೊಟ್ಟಿರ್ತಾರೆ. ಭಾಷಣ ಬೆಳೆದಷ್ಟೂ ಕತ್ತರಿ ಬೀಳೋದು ನಾಟಕಕ್ಕೆ, ಭಾಷಣಕ್ಕಲ್ಲ. ಇನ್ನು ಒಬ್ಬರೇ ಬಂದ ಹೆಣ್ಣುಮಕ್ಕಳು, ಎರಡು ಬಸ್ಸು ಬದಲಾಯಿಸಬೇಕಾದವರು, ಮಕ್ಕಳನ್ನು ಕರೆತಂದವರು ಮಧ್ಯದಲ್ಲೇ ಎದ್ದು ಹೋಗ್ತಾರೆ. ಮುಂದಿನ ಸಲ ಬರೋದೇ ಇಲ್ಲ. ಆಮೇಲೆ ಅದೇ ವೇದಿಕೆಯಲ್ಲಿ ಗೋಳು, "ಟಿವಿ ಬಂದು, ಮೊಬೈಲು ಬಂದು ಪ್ರೇಕ್ಷಕರು ಕಡಿಮೆಯಾದರು" ಅಂತ!

"ಇದು ನಮ್ಮ ಸಂಪ್ರದಾಯ ಕಣ್ರೀ" ಅನ್ನೋರೂ ಇದ್ದಾರೆ. ಯಾವ ಸಂಪ್ರದಾಯ? ನಾಟ್ಯಶಾಸ್ತ್ರದ ಐದನೇ ಅಧ್ಯಾಯ ಪೂರ್ವರಂಗದ್ದು, ಅಂದರೆ ನಾಟಕಕ್ಕೆ ಮೊದಲು ನಡೆಯೋ ಹಾಡು, ಕುಣಿತ, ಪೂಜೆಯ ವಿಚಾರ. ಅಷ್ಟೆಲ್ಲ ವಿಧಿ ಹೇಳಿದ ಭರತಮುನಿಯೇ, ಇದನ್ನು ಅತಿ ಮಾಡಬೇಡಿ, ಮಾಡಿದರೆ ಆಡುವವರಿಗೂ ನೋಡುವವರಿಗೂ ದಣಿವಾಗುತ್ತೆ ಅಂತ ಎಚ್ಚರಿಸಿದ್ದಾನೆ. ಅದೂ ಹಾಡು-ಕುಣಿತದ ಬಗ್ಗೆ! ಅಧ್ಯಕ್ಷೀಯ ಭಾಷಣ ಕೇಳಿದ್ದರೆ ಏನು ಬರೀತಿದ್ದನೋ.

ಯಕ್ಷಗಾನದಲ್ಲೂ ಪೂರ್ವರಂಗ ಇದೆ. ಅಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಹಾಕಿಕೊಂಡು ಬರೋದು ಹೊಸದಾಗಿ ಕಲಿಯುತ್ತಿರೋ ಹುಡುಗರು. ಹೆಜ್ಜೆ ಪಳಗಲಿ, ಸಭಾಕಂಪ ಹೋಗಲಿ ಅಂತ. ಅವರ ಪೂರ್ವರಂಗ ನಾಳಿನ ಕಲಾವಿದನನ್ನು ಬೆಳೆಸಿತು. ನಮ್ಮದು ಯಾರನ್ನು ಬೆಳೆಸ್ತಾ ಇದೆ?

1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ಆಡಿಸಿದ್ದನ್ನು ನೋಡಿದವರು ಇವತ್ತಿಗೂ ಕಣ್ಣರಳಿಸಿ ಹೇಳ್ತಾರೆ. ಅವರ ಹತ್ತಿರ ಕೂತು ಕೇಳಿದ್ದೀನಿ. ಹಾಡು ನೆನಪಿದೆ, ಯಾರು ಯಾವ ಪಾತ್ರ ಮಾಡಿದ್ದರು ಅನ್ನೋದು ನೆನಪಿದೆ. ದೀಪ ಹಚ್ಚಿದ್ದು ಯಾರು, ಹಚ್ಚಿದ್ದರೋ ಇಲ್ಲವೋ ಅಂತ ಒಬ್ಬರೂ ಹೇಳಿಲ್ಲ. ರಂಗಭೂಮಿ ಉಳಿಯೋದು ಹಾಗೆ, ನೋಡಿದವರ ನೆನಪಿನಲ್ಲಿ.

ಶಿಸ್ತು ಸಾಧ್ಯವೇ ಇಲ್ಲ ಅನ್ನಬೇಡಿ. ಇದೇ ಊರಿನಲ್ಲಿ, ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾಯಿತು. ಹೇಳಿದ ಹೊತ್ತಿಗೆ ನಾಟಕ ಶುರು, ತಡವಾಗಿ ಬಂದವರಿಗೆ ಪ್ರವೇಶವಿಲ್ಲ ಅನ್ನೋದು ಅಲ್ಲಿನ ನಿಯಮ. ಮೊದಮೊದಲು ಜನ ಗೊಣಗಿದರು, ಬಾಗಿಲಲ್ಲಿ ಜಗಳ ಆಡಿದರು. ಆಮೇಲೆ? ಅದೇ ಜನ ಅಲ್ಲಿಗೆ ಅರ್ಧ ಗಂಟೆ ಮೊದಲೇ ಹೋಗಿ ಕಾಫಿ ಕುಡೀತಾ ಕಾಯ್ತಾರೆ. ಟ್ರಾಫಿಕ್ಕು ಅದೇ, ಊರು ಅದೇ, ನಾವೂ ಅವರೇ. ಎಲ್ಲ ತಂಡಕ್ಕೂ ಅಂಥ ಜಾಗ ಸಿಗೋದಿಲ್ಲ, ನಿಜ. ಆದರೆ ಗಡಿಯಾರ ಎಲ್ಲ ಕಡೆಯೂ ಸಿಗುತ್ತಲ್ಲ?

ಹಿರಿಯರಿಗೆ ಗೌರವ ಬೇಡವೇ ಅಂತ ಕೇಳಬಹುದು. ಖಂಡಿತ ಬೇಕು. ಐವತ್ತು ವರ್ಷ ಬಣ್ಣ ಹಚ್ಚಿದ ಕಲಾವಿದರನ್ನು ಗಣ್ಯರ ಸಾಲಿನ ತುದಿಯಲ್ಲಿ ಕೂರಿಸಿ, ಅವರ ಮಾತಿನ ಸರದಿ ಬಂದಾಗ "ಸ್ವಲ್ಪ ಬೇಗ" ಅಂತ ಚೀಟಿ ಕೊಡೋದು ಗೌರವವೇ? ನಾನೇ ನೋಡಿದ್ದೀನಿ. ನಾಟಕ ಮುಗಿದ ಮೇಲೆ, ಬಣ್ಣ ಹಚ್ಚಿದ ಹುಡುಗರ ನಡುವೆ ಅವರನ್ನು ನಿಲ್ಲಿಸಿ ಎರಡು ನಿಮಿಷ ಚಪ್ಪಾಳೆ ತಟ್ಟಿ ನೋಡಿ. ಅಥವಾ ಇನ್ನೊಂದು ದಿನ ಕರೆದು ಎರಡು ಗಂಟೆ ಮಾತಾಡಿಸಿ. ನಾನು ಮೊದಲ ಸಾಲಿನಲ್ಲಿ ಇರ್ತೀನಿ.

ಪ್ರತಿ ಮಾರ್ಚ್ 27ರ ವಿಶ್ವ ರಂಗಭೂಮಿ ದಿನಕ್ಕೆ 1962ರಿಂದ ಒಂದು ಒಳ್ಳೆಯ ಪದ್ಧತಿ ಇದೆ. ರಂಗಭೂಮಿಯ ಒಬ್ಬರು ಬರೆದ ಪುಟ್ಟ ಸಂದೇಶವನ್ನು ಜಗತ್ತಿನಾದ್ಯಂತ ಓದುತ್ತಾರೆ. ಐದು ನಿಮಿಷದ ಕೆಲಸ. ನಮ್ಮಲ್ಲೂ ಓದ್ತಾರೆ. ಆಮೇಲೆ ಆ ಸಂದೇಶದ ಮೇಲೆ ಐದು ಭಾಷಣ!

ನಾನೇನೂ ಸಾಚಾ ಅಲ್ಲ. ಕೆಲವು ವರ್ಷಗಳ ಹಿಂದೆ ನಾನೇ ಇಂಥ ಎರಡು ಸಭೆಗೆ ನಿರೂಪಣೆ ಮಾಡಿದ್ದೀನಿ. "ನಾಡು ಕಂಡ ಅಪರೂಪದ.." ಅಂತೆಲ್ಲ ವಿಶೇಷಣ ಸುರಿದಿದ್ದೀನಿ. ಒಂದು ಶಾಲೂ ಸಿಕ್ಕಿದೆ, ಈಗ ಅದು ಟಿವಿ ಮೇಲೆ ಹೊದಿಸಲಿಕ್ಕೆ ಉಪಯೋಗ ಆಗ್ತಾ ಇದೆ. ಆ ಎರಡು ದಿನ ಯಾರ ಅಪ್ಪ ಅರ್ಧದಲ್ಲಿ ಎದ್ದು ಹೋದರೋ, ನನಗೆ ಗೊತ್ತಿಲ್ಲ. ವೇದಿಕೆಯಿಂದ ಅದು ಕಾಣೋದಿಲ್ಲ.

ತಂಡಗಳಿಗೆ ನನ್ನ ಬೇಡಿಕೆ ಮೂರೇ. ಆಮಂತ್ರಣದಲ್ಲಿ ಸಭೆಯ ಹೊತ್ತು ಬೇರೆ, ನಾಟಕದ ಹೊತ್ತು ಬೇರೆ ಹಾಕಿ, ಹಾಕಿದ ಮೇಲೆ ಪಾಲಿಸಿ. ಮಾತು ಬೇಕೇ ಬೇಕು ಅಂದರೆ ನಾಟಕ ಮುಗಿದ ಮೇಲೆ ಇಟ್ಟುಕೊಳ್ಳಿ. ಕೇಳಬೇಕು ಅನ್ನಿಸಿದವರು ಕೂರ್ತಾರೆ. ಕರೆದ ಅತಿಥಿ ಪೂರ್ತಿ ನಾಟಕ ನೋಡ್ತೀನಿ ಅಂತ ಒಪ್ಪಿದರೆ ಮಾತ್ರ ಕರೆಯಿರಿ. ಈ ಮೂರನೆಯದೊಂದನ್ನು ಪಾಲಿಸಿದರೆ ಸಾಕು, ಅರ್ಧ ವೇದಿಕೆ ತಾನಾಗೇ ಖಾಲಿಯಾಗುತ್ತೆ.

ಇನ್ನು ನಮ್ಮ ಪಾಲಿನದು. ಬ್ಲಾಗಿಗ ಮಿತ್ರರೇ, ಪೇಪರಿನವರು ದೀಪದ ಫೋಟೋ ಹಾಕಿಕೊಳ್ಳಲಿ, ನಾವು ಆ "ನಂತರ" ಆದದ್ದನ್ನು ಬರೆಯೋಣ. ಅಭಿನಯ ಹೇಗಿತ್ತು, ಬೆಳಕು ಹೇಗಿತ್ತು, ಎಲ್ಲಿ ಎಡವಿದರು. ಇವತ್ತಿನಿಂದ ನನ್ನ ಪ್ರತಿ ನಾಟಕದ ಪೋಸ್ಟಿನ ತಲೆಯಲ್ಲೂ ಒಂದು ಸಾಲು ಇರುತ್ತೆ: ಹೇಳಿದ ಹೊತ್ತು ಇಷ್ಟು, ಶುರುವಾದ ಹೊತ್ತು ಇಷ್ಟು. ಮೈಸೂರು, ಧಾರವಾಡ, ಶಿವಮೊಗ್ಗ, ಉಡುಪಿ ಕಡೆಯವರು ನೀವೂ ಬರೀರಿ. ಆರು ತಿಂಗಳು ಬಿಟ್ಟು ಎಲ್ಲ ಒಟ್ಟುಗೂಡಿಸಿ ನೋಡೋಣ.

ಅಂದ ಹಾಗೆ, ಅದೇ ನಾಟಕದ ಇನ್ನೊಂದು ಪ್ರಯೋಗ ಮುಂದಿನ ತಿಂಗಳು ಇದೆಯಂತೆ. ಅಪ್ಪನನ್ನು ಮತ್ತೆ ಕರೀತೀಯಾ ಅಂತ ಆ ಹುಡುಗಿಯನ್ನು ಕೇಳಿದೆ. "ಸಭೆ ಇದೆಯೋ ಇಲ್ವೋ ಕೇಳಿಕೊಂಡು ಕರೀತೀನಿ ಸರ್" ಅಂದಳು.

ಅವಳ ಪರವಾಗಿ ತಂಡದವರನ್ನು ನಾನೇ ಕೇಳಿದ್ದೀನಿ. ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಇಲ್ಲೇ ಬರೀತೀನಿ.