ಒಟಿಪಿ ಹೇಳದಿದ್ದರೆ ಖಾತೆಯ ಹಣ ಸೇಫಾ?

"ಒಟಿಪಿ ಯಾರಿಗೂ ಹೇಳಬೇಡಿ, ನಿಮ್ಮ ಹಣ ಎಲ್ಲೂ ಹೋಗಲ್ಲ" ಎಂಬ ಫಾರ್ವರ್ಡ್ ನಮಗೂ ಬಂದಿದೆ. ಮೊದಲರ್ಧ ಸರಿ. ಉಳಿದರ್ಧ ನಂಬಬೇಡಿ.

ಉಬ್ರಾಣಿ ಹೋಬಳಿಯಲ್ಲಿ ಒಬ್ಬರು ಅಡಿಕೆ ತೋಟ ಮಾರಿದರು ಅಂದುಕೊಳ್ಳಿ. ಖಾತೆಗೆ ಹಣ ಬಂದಿದೆ, ಕ್ರಯಪತ್ರದಲ್ಲಿ ಹೆಬ್ಬೆರಳ ಗುರುತಿದೆ. 2023ರಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ವಂಚನೆಯ ದಾರಿ ಇದೇ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿದ್ದ ಪತ್ರಗಳಿಂದ ಬೆರಳಚ್ಚು ನಕಲು ಮಾಡಿ, ಎಇಪಿಎಸ್ ಮೂಲಕ ಹಣ ತೆಗೆದಿದ್ದರು. ಎಇಪಿಎಸ್ ಅಂದರೆ ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ. ಅದಕ್ಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಸಾಕು. ಒಟಿಪಿ ಕೇಳುವುದೇ ಇಲ್ಲ.

ಹಾಗಾದರೆ ಗೂಢಲಿಪೀಕರಣ ಏನು ಮಾಡುತ್ತದೆ? ಯಂತ್ರದಿಂದ ಸರ್ವರ್‌ಗೆ ಹೋಗುವ ಬೆರಳಚ್ಚನ್ನು ನಡುವೆ ಯಾರೂ ಓದದಂತೆ ಕಾಯುತ್ತದೆ. ಯಂತ್ರದ ಮೇಲಿಟ್ಟ ಬೆರಳೇ ನಕಲಿಯಾದರೆ, ಆ ನಕಲಿಯನ್ನೂ ಅಷ್ಟೇ ಜೋಪಾನವಾಗಿ ಮುಟ್ಟಿಸುತ್ತದೆ!

ಪಾಸ್‌ವರ್ಡ್ ಒಂದು ಗುಟ್ಟು, ಸೋರಿದರೆ ಬದಲಾಯಿಸಬಹುದು. ಬೆರಳಚ್ಚು ಬರೀ ಗುರುತು, ಮುಟ್ಟಿದ ಲೋಟದ ಮೇಲೂ ಉಳಿಯುತ್ತದೆ, ಬದಲಾಯಿಸಲು ಬರುವುದಿಲ್ಲ. ಅದನ್ನೇ ಬೀಗದ ಕೈಯಾಗಿ ಬಳಸಿದ್ದು ಇಲ್ಲಿನ ತೊಡಕು ಎನ್ನುತ್ತೇವೆ ನಾವು.

ಆಧಾರ್‌ನ ಅಧಿಕೃತ ಆ್ಯಪ್ ಅಥವಾ ವೆಬ್‌ಸೈಟ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಬಹುದು. ಇದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬೇಕು. ರೇಷನ್‌ಗೆ ಹೆಬ್ಬೆಟ್ಟು ಕೊಡುವ ದಿನ ಲಾಕ್ ತೆಗೆದು ಮತ್ತೆ ಹಾಕಬೇಕು, ಸ್ವಲ್ಪ ರಗಳೆ. ನೀವು ತೆಗೆಯದ ಹಣ ಕಡಿತವಾದ ಮೆಸೇಜ್ ಬಂದರೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.