ಚೌರಿಯ ಕೆಳಗಿನ ಕೂದಲು

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಗೆ ಕೂದಲು ಕೊಳ್ಳುವವರು ಬರುತ್ತಿದ್ದರು. ಬಾಚಣಿಗೆಗೆ ಬಂದ ಕೂದಲನ್ನು ಅವ್ವ ಉಂಡೆ ಸುತ್ತಿ ಇಟ್ಟಿರುತ್ತಿದ್ದಳು. ಅದಕ್ಕೆ ಪಿನ್ನು, ಸಣ್ಣ ಪಾತ್ರೆ ಸಿಗುತ್ತಿತ್ತು. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲಿನ ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ಜೋಡಿಸುವುದೇ ದೊಡ್ಡ ಕಸುಬು. ತಿರುಪತಿಯಲ್ಲಿ ಕೊಟ್ಟ ಮುಡಿಯೂ ಹರಾಜಾಗಿ ವಿದೇಶಕ್ಕೆ ಹೋಗುತ್ತದೆ ಅಂತ ಕೇಳಿದ್ದೆ. ಅದು ಯಾರ ತಲೆ ಸೇರುತ್ತದೆ ಅನ್ನುವುದು ಗೊತ್ತಾಗಿದ್ದು ಕೆಲಸಕ್ಕೆಂದು ಅಟ್ಲಾಂಟಾಕ್ಕೆ ಬಂದ ಮೇಲೆ.

ನನ್ನ ರೂಮ್‌ಮೇಟ್ ಆಫ್ರಿಕನ್ ಅಮೆರಿಕನ್. ಒಂದು ಶನಿವಾರ ಬೆಳಿಗ್ಗೆ ಪಾರ್ಲರ್‌ಗೆ ಹೋದವಳು ಸಂಜೆ ಬೆನ್ನಿನ ತುಂಬಾ ನೇರ ಕೂದಲು ಇಳಿಬಿಟ್ಟುಕೊಂಡು ಬಂದಳು. "ನಿನ್ನ ಕೂದಲು ಎಲ್ಲೇ?" ಅಂದೆ. "ಇದರ ಕೆಳಗೇ ಇದೆ" ಅಂದು ಖಾಲಿ ಪ್ಯಾಕೆಟ್ ತೋರಿಸಿದಳು. ಅದರ ಮೇಲೆ 'ಇಂಡಿಯನ್ ಹೇರ್' ಅಂತಿತ್ತು.

ಇದಕ್ಕೆ ವೀವ್ ಅನ್ನುತ್ತಾರೆ. ಸ್ವಂತ ಗುಂಗುರು ಕೂದಲನ್ನು ತಲೆಗೆ ಅಂಟಿದಂತೆ ಸಾಲುಸಾಲಾಗಿ ಸಣ್ಣ ಜಡೆ ಹೆಣೆದು, ಸೀರೆಗೆ ಫಾಲ್ ಹೊಲಿದ ಹಾಗೆ, ಕೂದಲಿನ ಪಟ್ಟಿಯನ್ನು ಬಾಗಿದ ಸೂಜಿಯಿಂದ ಆ ಜಡೆಗಳಿಗೆ ಹೊಲಿಯುತ್ತಾರೆ. ನಮ್ಮ ಚೌರಿಯ ಹಾಗೆ ರಾತ್ರಿ ಬಿಚ್ಚಿಡುವಂತಿಲ್ಲ. ದಿನಾ ಬಾಚಿ ಎಳೆಯುವುದು ತಪ್ಪುತ್ತದೆ ಅಂತ ಕೆಲವರು ಹಾಕಿಸುತ್ತಾರೆ, ಚೆಂದಕ್ಕೆ ಅಂತ ಕೆಲವರು. ಇನ್ನೊಂದು ಕಾರಣವೂ ಇದೆ. ಅವರ ಸಹಜ ಕೂದಲನ್ನು 'ನೀಟಾಗಿಲ್ಲ' ಅನ್ನುವ ಆಫೀಸು, ಶಾಲೆಗಳು ಇದ್ದವು, ಈಗಲೂ ಇವೆ. ಇಂಥ ಭೇದಭಾವ ತಡೆಯಲು ಕ್ಯಾಲಿಫೋರ್ನಿಯಾ 2019ರಲ್ಲಿ ಕ್ರೌನ್ ಕಾಯ್ದೆ ತಂದಿತು, ಆಮೇಲೆ ಬೇರೆ ರಾಜ್ಯಗಳೂ ತಂದವು.

ಆ ರಾತ್ರಿ ಅವಳಿಗೆ ತಲೆ ದಿಂಬಿಗೆ ಇಡಲಾಗಲಿಲ್ಲ. ನೋವಿನ ಮಾತ್ರೆ ನುಂಗಿ, "ಮೊದಲ ಎರಡು ದಿನ ಹೀಗೇ" ಅಂದಳು. ನಾಲ್ಕನೇ ದಿನ ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದವು. ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡೇ ಹೋದೆ. ಅವರು ಹೇಳಿದ ಹೆಸರು ಟ್ರ್ಯಾಕ್ಷನ್ ಅಲೋಪೀಶಿಯಾ, ಅಂದರೆ ಒಂದೇ ಸಮ ಜಗ್ಗಿ ಜಗ್ಗಿ ಬುಡ ಸೋತು ಕೂದಲು ಉದುರುವುದು. ಬೇಗ ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಬುಡದಲ್ಲಿ ಕಲೆಗಟ್ಟಿ ಶಾಶ್ವತವಾಗಿ ಬೋಳಾಗಬಹುದು.

ಅವತ್ತೇ ಸಂಜೆ ನಾನೇ ಕೂತು ಹೊಲಿಗೆ ಬಿಚ್ಚಿದೆ. ಕತ್ತರಿ ಎಲ್ಲಿ ಅವಳ ಕೂದಲಿಗೆ ತಾಗುತ್ತದೋ ಅಂತ ಕೈ ನಡುಗುತ್ತಿತ್ತು. ಎಷ್ಟು ದಟ್ಟವಾದ ಕೂದಲು ಅವಳದ್ದು! ಆದರೆ ಹಣೆಯಂಚಿನಲ್ಲಿ ಒಂದು ಬೆರಳಗಲ ತೆಳುವಾಗಿತ್ತು. ಕನ್ನಡಿಯಲ್ಲಿ ನೋಡಿ ಅವಳು ಅತ್ತಳು.

ಗುಣವಾದ ಎಷ್ಟೋ ತಿಂಗಳ ಮೇಲೆ ಮತ್ತೆ ವೀವ್ ಹಾಕಿಸಿದಳು. ಈ ಸಲ ಬೇರೆ ಪಾರ್ಲರ್. ಹಣೆಯಂಚಿನ ಕೂದಲನ್ನು ಹೊರಗೇ ಬಿಡಿಸಿದಳು. ನೋವಾದಲ್ಲೆಲ್ಲ ಅಲ್ಲೇ ಹೇಳಿ ಸಡಿಲ ಮಾಡಿಸಿದಳು.

ಮನೆಯಲ್ಲಿ ಈಗ ಪಕ್ಕಾ ಲೆಕ್ಕ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಮೂತಿ ಇರುವ ಬಾಟಲಿಯಲ್ಲಿ ಶಾಂಪೂಗೆ ನೀರು ಬೆರೆಸಿ, ಜಡೆಸಾಲುಗಳ ನಡುವೆ ಬಿಟ್ಟು, ಬೆರಳ ತುದಿಯಲ್ಲಿ ಮೆಲ್ಲಗೆ ಉಜ್ಜುತ್ತಾಳೆ. ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ. ಮೇಲಿನ ಕೂದಲು ಒಣಗಿದರೂ ಒಳಗಿನ ಜಡೆ ಹಸಿಯಿದ್ದರೆ ವಾಸನೆ, ಬೂಸ್ಟು. ಗುಂಗುರು ಕೂದಲಲ್ಲಿ ತಲೆಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ, ಬೇಗ ಒಣಗಿ ತುಂಡಾಗುತ್ತದೆ. ಅದಕ್ಕೆ ಜಡೆಗಳಿಗೆ ಕಂಡೀಷನರ್ ಸ್ಪ್ರೇ, ಮೇಲೆ ಎರಡು ಹನಿ ಎಣ್ಣೆ. ಮಲಗುವಾಗ ಸ್ಯಾಟಿನ್ ಬಟ್ಟೆ ಕಟ್ಟುತ್ತಾಳೆ, ಹತ್ತಿ ಬಟ್ಟೆ ತೇವ ಹೀರುತ್ತದೆ.

ಆರರಿಂದ ಎಂಟು ವಾರಕ್ಕೆ ಬಿಚ್ಚಲೇಬೇಕು. ಬಿಚ್ಚಿದಾಗ ಕೈತುಂಬಾ ಕೂದಲು ಬರುತ್ತದೆ. ಮೊದಲ ಸಲ ನಾನು ಹೆದರಿದ್ದೆ, ಆಮೇಲೆ ಲೆಕ್ಕ ಹಾಕಿದೆ. ಯಾರಿಗಾದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಎಂಟು ವಾರಕ್ಕೆ 2,800ರಿಂದ 5,600. ಅವು ಹೊರಬೀಳಲು ದಾರಿಯಿಲ್ಲದೆ ಜಡೆಯಲ್ಲೇ ಇರುತ್ತವೆ, ಅಷ್ಟೇ. ನೀರು ಹಾಕುವ ಮೊದಲೇ ಬೆರಳಲ್ಲಿ ಸಿಕ್ಕು ಬಿಡಿಸಬೇಕು, ಇಲ್ಲದಿದ್ದರೆ ಗಂಟುಗಟ್ಟುತ್ತದೆ. ಮುಂದಿನ ವೀವ್‌ಗೆ ಮೊದಲು ಕೆಲವು ವಾರ ಕೂದಲಿಗೂ ರಜೆ.

ಇದೆಲ್ಲ ನಮಗ್ಯಾಕೆ ಅಂತೀರಾ? ಹೋದ ವಾರ ವಿಡಿಯೊ ಕಾಲ್‌ನಲ್ಲಿ ಅವ್ವ ಅಕ್ಕನ ಮಗಳಿಗೆ ಶಾಲೆಗೆ ಎರಡು ಜಡೆ ಹಾಕುತ್ತಿದ್ದಳು. ಮಗುವಿನ ಹುಬ್ಬು ಮೇಲಕ್ಕೆ ಜಗ್ಗಿತ್ತು, ಕಣ್ಣಲ್ಲಿ ನೀರು. "ಯವ್ವಾ, ಸ್ವಲ್ಪ ಸಡ್ಲ ಹಾಕ, ಹುಡುಗಿಗೆ ನೋಯಾಕತ್ತೈತಿ" ಅಂದೆ. "ಬಿಗಿ ಹಾಕಿದ್ರನ ಸಂಜೀತನಕ ನಿಲ್ಲತೈತಿ" ಅಂದಳು. ರೂಮ್‌ಮೇಟ್‌ಳ ಕಥೆ ಹೇಳಿದೆ. ಅವ್ವ ಏನೂ ಮಾತಾಡಲಿಲ್ಲ. ರಿಬ್ಬನ್ ಬಿಚ್ಚಿ, ಮೊದಲಿಂದ ಹೆಣೆಯತೊಡಗಿದಳು.